ಲಾವಾ ನೆಲದಲ್ಲಿ ಪ್ರವಾಸಿಗರಿಗಾಗಿ ಕಟ್ಟುವುದು ಹೇಗೆ? ಮೊದಲು ದಾರಿ, ಆಮೇಲೆ ಕಟ್ಟಡ

ಆಫ್ರಿಕಾದ ಪಶ್ಚಿಮ ಕರಾವಳಿಯ ಹತ್ತಿರ ಲಾನ್ಸರೋಟೆ ಅಂತ ಒಂದು ದ್ವೀಪ ಇದೆ. ಸ್ಪೇನ್ ದೇಶಕ್ಕೆ ಸೇರಿದ್ದು. 1730ರ ಸೆಪ್ಟೆಂಬರ್ 1ರ ರಾತ್ರಿ ಅಲ್ಲಿ ನೆಲ ಬಿರಿಯಿತು. 1736ರ ತನಕ ಬೆಂಕಿ ತಣಿಯಲಿಲ್ಲ. ದ್ವೀಪದ ಸುಮಾರು ಕಾಲು ಭಾಗ ಲಾವಾ ಮತ್ತು ಬೂದಿಯ ಅಡಿಗೆ ಹೋಯಿತು. ಊರುಗಳು ಮುಳುಗಿದವು, ಒಳ್ಳೆಯ ಹೊಲಗಳು ಮುಳುಗಿದವು. ಇವತ್ತಿಗೂ ಆ ನೆಲ ಕಪ್ಪಗೆ, ಕೆಂಪಗೆ, ಬೋಳಾಗಿ ಬಿದ್ದಿದೆ. ಒಂದು ಮರವಿಲ್ಲ, ಒಂದು ಮರೆಯಿಲ್ಲ. ಅಂಥ ಕಡೆ ಸುಮ್ನೆ ಒಂದು ಟಿಕೆಟ್ ಕೌಂಟರ್ ನಿಲ್ಲಿಸಿದರೂ ಮೈಲುಗಟ್ಟಲೆ ದೂರಕ್ಕೆ ಕಾಣುತ್ತದೆ.

ಆದರೂ ವರ್ಷ ವರ್ಷ ಲಕ್ಷಗಟ್ಟಲೆ ಜನ ಅಲ್ಲಿಗೆ ಹೋಗುತ್ತಾರೆ. ಗುಹೆಯೊಳಗೆ ಸಂಗೀತ ಕೇಳುತ್ತಾರೆ, ಬಿಸಿ ನೆಲದ ಮೇಲೆ ಕೂತು ಊಟ ಮಾಡುತ್ತಾರೆ. ಬಂದ ಜನರಿಗೆ ನೆನಪಿನಲ್ಲಿ ಉಳಿಯುವುದು ನೆಲವೇ. ಇದನ್ನು ಸಾಧಿಸಿದವರು ಅಲ್ಲೇ ಹುಟ್ಟಿದ ಕಲಾವಿದ ಸೆಸಾರ್ ಮನ್ರಿಕೆ ಮತ್ತು ಅವರ ಜೊತೆಗಾರರು. ಮನ್ರಿಕೆ 1966ರಲ್ಲಿ ನ್ಯೂಯಾರ್ಕ್‌ನಿಂದ ಊರಿಗೆ ವಾಪಸಾದರು. 1992ರಲ್ಲಿ ತೀರಿಕೊಳ್ಳುವ ತನಕ ಆ ದ್ವೀಪಕ್ಕಾಗಿಯೇ ದುಡಿದರು.

ಅವರ ಕೆಲಸಗಳನ್ನು ಮುಂದಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ. ವಾಸ್ತುಶಿಲ್ಪ ಓದುತ್ತಿರುವವರಿಗೆ, ಪ್ರವಾಸೋದ್ಯಮದ ಕೆಲಸದಲ್ಲಿರುವವರಿಗೆ, ಹೊರದೇಶಗಳಲ್ಲಿ ಇಂಥ ಯೋಜನೆಗಳಲ್ಲಿ ದುಡಿಯುವ ನಮ್ಮ ಎಂಜಿನಿಯರುಗಳಿಗೆ ಇದು ಉಪಯೋಗಕ್ಕೆ ಬರಲಿ. ನನ್ನ ಮಾತು ಒಂದೇ. ಇಂಥ ಜಾಗವನ್ನು ಹಾಳು ಮಾಡುವುದರಲ್ಲಿ ಗೋಡೆಗಿಂತ ಕಾಲು ಮತ್ತು ಚಕ್ರಗಳ ಪಾಲು ಜಾಸ್ತಿ. ಆದ್ದರಿಂದ ನಕ್ಷೆಯ ಮೊದಲ ಗೆರೆ ಜನ ನಡೆಯುವ ದಾರಿಯದ್ದಾಗಿರಬೇಕು.

ಹೆಜ್ಜೆ 1: ನೆಲವನ್ನು ನೋಡಿ, ತಟ್ಟಿ, ಕೇಳಿ

ಲಾವಾ ಎಲ್ಲ ಒಂದೇ ಅಲ್ಲ. ಹವಾಯಿ ಜನ ಇಟ್ಟ ಎರಡು ಹೆಸರುಗಳನ್ನೇ ಈಗ ಜಗತ್ತೆಲ್ಲ ಬಳಸುತ್ತದೆ. ನುಣ್ಣಗೆ, ಹಗ್ಗ ಸುತ್ತಿಟ್ಟ ಹಾಗೆ ಮಡಿಕೆ ಮಡಿಕೆಯಾಗಿ ಗಟ್ಟಿಯಾದದ್ದು 'ಪಾಹೊಯೆಹೊಯೆ'. ಮುಳ್ಳುಮುಳ್ಳಾಗಿ, ಪುಡಿಗಲ್ಲಿನ ರಾಶಿಯಂತೆ ನಿಂತದ್ದು 'ಅಅ'. ಮೊದಲನೆಯದರ ಮೇಲೆ ನಡೆಯುವುದು ಸುಲಭ, ಆದರೆ ಅದರ ಕೆಳಗೆ ಪೊಳ್ಳು ಇರುವ ಸಂಭವ ಇದೆ. ಎರಡನೆಯದು ಚಪ್ಪಲಿಯನ್ನೇ ಕತ್ತರಿಸುತ್ತದೆ. ಬೂದಿ ಮತ್ತು ಸಣ್ಣ ಜಲ್ಲಿಯ ನೆಲ ಇನ್ನೊಂದು ಬಗೆ. ಅದರ ಮೇಲೆ ಒಂದು ಹೆಜ್ಜೆ ಇಟ್ಟರೆ ಗುರುತು ಬಹಳ ಕಾಲ ಉಳಿಯುತ್ತದೆ.

ಕಬ್ಬಿಣದ ಸರಳು ಹಿಡಿದು ನೆಲ ತಟ್ಟುತ್ತಾ ಹೋಗಿ. ದನಿ ಪೊಳ್ಳಾಗಿ ಬಂದ ಕಡೆ ಗುರುತು ಹಾಕಿ. ಹೊರಗಿನ ಪದರ ಮೊದಲು ಗಟ್ಟಿಯಾಗಿ, ಒಳಗಿನ ಬಿಸಿ ಲಾವಾ ಹರಿದು ಹೋದರೆ ಸುರಂಗ ಉಳಿಯುತ್ತದೆ. ಲಾನ್ಸರೋಟೆಯ ಲಾ ಕೊರೋನಾ ಜ್ವಾಲಾಮುಖಿಯಿಂದ ಕಡಲಿನ ತನಕ ಸುಮಾರು 6 ಕಿಲೋಮೀಟರ್ ಉದ್ದದ ಇಂಥ ಸುರಂಗ ಇದೆ. ಕೈಯಿಂದ ತಟ್ಟಿ ನೋಡಿದ್ದು ಮೊದಲ ಸುಳಿವು ಅಷ್ಟೇ. ಪಾಯ ಹಾಕುವ ಮುಂಚೆ ನೆಲದೊಳಗೆ ಇಣುಕುವ ರೇಡಾರ್ ಪರೀಕ್ಷೆ, ಕೊರೆದು ನೋಡುವ ಪರೀಕ್ಷೆ ಎರಡೂ ಆಗಲೇಬೇಕು.

ಕಲ್ಲಿನ ಮೇಲೆ ಬೂದು, ಹಳದಿ, ತಿಳಿಹಸಿರು ಕಲೆಗಳು ಕಾಣುತ್ತವೆ. ಅವು ಕೊಳೆಯಲ್ಲ. ನಮ್ಮ ಮಸಾಲೆ ಪುಡಿಗೆ ಹಾಕುವ ಕಲ್ಲುಹೂವಿನ ನೆಂಟರು. ಬೋಳು ಲಾವಾದ ಮೇಲೆ ಮೊದಲು ಬದುಕು ಕಟ್ಟಿಕೊಳ್ಳುವವು ಇವೇ, ಬೆಳೆಯುವುದು ತೀರಾ ನಿಧಾನ. ಎಲ್ಲಿ ದಟ್ಟವಾಗಿವೆ ಅಂತ ನಕ್ಷೆಯಲ್ಲಿ ತೋರಿಸಿ, ಅಲ್ಲಿಗೆ ಯಾರೂ ಕಾಲಿಡದ ಹಾಗೆ ಮಾಡಿ.

ಹತ್ತಿರದ ರೈತರನ್ನೂ ಮಾತಾಡಿಸಿ. ಲಾನ್ಸರೋಟೆಯ ಲಾ ಹೇರಿಯಾ ಪ್ರದೇಶದಲ್ಲಿ ದ್ರಾಕ್ಷಿ ಬೆಳೆಯುವವರು ಬೂದಿಯಲ್ಲಿ ಬಾಣಲೆಯಂಥ ಗುಂಡಿ ತೋಡುತ್ತಾರೆ. ತಳದಲ್ಲಿ ಬಳ್ಳಿ ನೆಡುತ್ತಾರೆ. ಗಾಳಿ ಬರುವ ಕಡೆಗೆ ಅರ್ಧಚಂದ್ರದ ಹಾಗೆ ಗಾರೆಯಿಲ್ಲದ ಗಿಡ್ಡ ಕಲ್ಲುಗೋಡೆ ಕಟ್ಟುತ್ತಾರೆ. ಬೂದಿ ರಾತ್ರಿಯ ತೇವ ಹಿಡಿದಿಡುತ್ತದೆ. ಮರೆ ಹೇಗಿರಬೇಕು, ಗೋಡೆ ಎಷ್ಟು ಎತ್ತರ ಸಾಕು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎನ್ನುವುದಕ್ಕೆಲ್ಲ ಆ ಗುಂಡಿಗಳಲ್ಲೇ ಉತ್ತರ ಇದೆ.

ಹೆಜ್ಜೆ 2: ಆಗಲೇ ಬಿರಿದ, ಆಗಲೇ ಅಗೆದ ಜಾಗ ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇಲ್ಲಿ ತಪ್ಪಿದರೆ ಮುಂದೆ ಎಷ್ಟು ಚೆನ್ನಾಗಿ ಕಟ್ಟಿದರೂ ಪ್ರಯೋಜನ ಇಲ್ಲ.

ಮನ್ರಿಕೆಯ ಕೆಲಸಗಳನ್ನು ಒಂದೊಂದಾಗಿ ನೋಡಿ. ಜನ ಸಂಗೀತ ಕೇಳುವ ಆ ಗುಹೆ, ಹಾಮೆಯೋಸ್ ದೆಲ್ ಆಗುವಾ, ಇರುವುದು ಲಾವಾ ಸುರಂಗದ ಸೂರು ತಾನಾಗಿ ಕುಸಿದ ಕಡೆ. ಆ ದ್ವೀಪದ ಮಾತಿನಲ್ಲಿ 'ಹಾಮೆಯೊ' ಅಂದರೆ ಅಂಥ ಕುಸಿದ ಬಾಯಿ. ಗ್ವಾತೀಸಾ ಊರಿನ ಕಳ್ಳಿಗಿಡಗಳ ತೋಟ 1990ರಲ್ಲಿ ತೆರೆಯಿತು. ಅದು ಹೊಲಕ್ಕೆ ಹಾಸಲು ಬೂದಿ ತೆಗೆದೂ ತೆಗೆದೂ ಹಳ್ಳವಾಗಿದ್ದ ಜಾಗ. ಮಿರಾದೋರ್ ದೆಲ್ ರಿಯೋ ಎಂಬ ವೀಕ್ಷಣಾ ತಾಣ ನಿಂತಿರುವುದು ಹಳೆಯ ಫಿರಂಗಿ ನೆಲೆ ಇದ್ದ ಕಡೆ. 1968ರಲ್ಲಿ ಅವರು ತಹೀಚೆಯಲ್ಲಿ ಕಟ್ಟಿಕೊಂಡ ಮನೆಯ ಕೆಳಗಿನ ಕೋಣೆಗಳು ಲಾವಾ ತಾನೇ ಊದಿಟ್ಟ ಐದು ಗುಳ್ಳೆಗಳು.

ಎಲ್ಲದರಲ್ಲೂ ಒಂದೇ ಜಾಣ್ಮೆ ಕಾಣುತ್ತದೆ, ಅಲ್ವಾ? ಅಖಂಡವಾಗಿ ಉಳಿದ ನೆಲವನ್ನು ಮುಟ್ಟಿಲ್ಲ. ಗಾಯವಾದ ಕಡೆಯೇ ಕೈ ಹಾಕಿದ್ದಾರೆ, ಗಾಯವನ್ನೂ ವಾಸಿ ಮಾಡಿದ್ದಾರೆ. ನಿಮ್ಮ ಜಾಗದಲ್ಲೂ ಹಳೆಯ ಕ್ವಾರಿ, ಪಾಳುಬಿದ್ದ ಶೆಡ್, ಹಳೇ ರಸ್ತೆಯ ಕೊರೆತ, ಕುಸಿದ ಗುಹೆ ಏನಾದರೂ ಇದ್ದೇ ಇರುತ್ತದೆ. ಅಂಥವನ್ನೆಲ್ಲ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಅವುಗಳಲ್ಲಿ ಯಾವುದಾದರೂ ಒಂದು ನಿಮ್ಮ ಕಟ್ಟಡದ ಜಾಗ. ಕುಸಿದ ಬಾಯಿಯಾದರೆ ಮಾತ್ರ ಅಂಚು, ಸೂರು ಎರಡೂ ಗಟ್ಟಿ ಇವೆಯೇ ಅಂತ ಭೂವಿಜ್ಞಾನಿಯಿಂದ ಬರೆಸಿಕೊಂಡೇ ಮುಂದುವರಿಯಿರಿ.

ಏನೂ ಸಿಗದಿದ್ದರೆ? ಆಗ ನೆಲದಡಿಗೆ ಹೋಗುವ ದಾರಿ ಇದೆ. ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಗಳಲ್ಲಿ ಫಯಾಲ್ ಅಂತ ಒಂದಿದೆ. ಅಲ್ಲಿ ಕಪೆಲಿನ್ಯೋಸ್ ಜ್ವಾಲಾಮುಖಿ 1957ರಿಂದ 1958ರ ತನಕ ಕಡಲಿನೊಳಗಿಂದ ಉಕ್ಕಿ ದ್ವೀಪಕ್ಕೆ ಹೊಸ ನೆಲವನ್ನೇ ಸೇರಿಸಿತು. ದಡದ ದೀಪಸ್ತಂಭದ ಕೆಳ ಅಂತಸ್ತು ಬೂದಿಯಲ್ಲಿ ಹೂತುಹೋಯಿತು. 2008ರಲ್ಲಿ ತೆರೆದ ಮಾಹಿತಿ ಕೇಂದ್ರವನ್ನು ಅದೇ ಬೂದಿಯ ಅಡಿಯಲ್ಲಿ ಕಟ್ಟಿದ್ದಾರೆ. ಮೇಲೆ ನಿಂತರೆ ಬೂದಿ ಬಯಲು, ಅರ್ಧ ಹೂತ ದೀಪಸ್ತಂಭ, ಕಡಲು, ಇಷ್ಟೇ. ಒಳಗೆಲ್ಲ ನೋಡಿಕೊಂಡು, ಕೊನೆಗೆ ದೀಪಸ್ತಂಭ ಹತ್ತಿ, ಆ ಹೊಸ ನೆಲವನ್ನು ಮೇಲಿನಿಂದ ನೋಡಬಹುದು. ಇದು ದುಬಾರಿ ದಾರಿ. ನೀರು ಒಸರದಂತೆ ಕಾಪಾಡುವುದು, ಗಾಳಿ ಆಡಿಸುವುದು ಎಲ್ಲ ಕಷ್ಟ. ಆದರೆ ನೋಡಬೇಕಾದದ್ದೇ ಬೋಳು ಬಯಲು ಆಗಿದ್ದಾಗ, ಅದರ ಮೇಲೆ ಏನೇ ನಿಲ್ಲಿಸಿದರೂ ನೋಟ ಕೆಡುತ್ತದೆ.

ಹೆಜ್ಜೆ 3: ಜನ ಬರುವ ದಾರಿ ಎಳೆಯಿರಿ

ಒಂದು ಗುಡ್ಡದ ಮೇಲಿನ ಸಣ್ಣ ವೀಕ್ಷಣಾ ಕಟ್ಟೆಯ ಕೆಲಸದಲ್ಲಿ ನಾನಿದ್ದೆ. ಕಟ್ಟೆಯ ನಕ್ಷೆಯನ್ನು ವಾರಗಟ್ಟಲೆ ತಿದ್ದಿದೆವು. ಪಾರ್ಕಿಂಗ್ ಕೊನೆಗೆ ನೋಡೋಣ ಅಂದುಕೊಂಡೆವು. ಕೊನೆಗೆ ಉಳಿದಿದ್ದ ಒಂದೇ ಸಪಾಟು ಜಾಗ, ಇಡೀ ಗುಡ್ಡದಲ್ಲೇ ಚೆಂದದ ಹಾಸುಬಂಡೆ. ಅದರ ಮೇಲೆ ಜೆಸಿಬಿ ಹತ್ತಿದ ದಿನ ನನಗೆ ಊಟ ಸೇರಲಿಲ್ಲ. ಆ ಕಟ್ಟೆಯ ಗೋಡೆಗಳ ಬಗ್ಗೆ ಈಗ ಏನೂ ನೆನಪಿಲ್ಲ. ಬಂಡೆಯ ಮೇಲೆ ಬಿದ್ದ ಆ ಉಕ್ಕಿನ ಹಲ್ಲುಗಳ ಗೀರು ಮಾತ್ರ ಚೆನ್ನಾಗಿ ನೆನಪಿದೆ.

ಲಾನ್ಸರೋಟೆಯ ತಿಮಾನ್‌ಫಾಯಾದಲ್ಲಿ ಮಾಡಿದ್ದು ಬೇರೆ. 1974ರಲ್ಲಿ ರಾಷ್ಟ್ರೀಯ ಉದ್ಯಾನ ಆಗುವ ಮುಂಚೆಯೇ, 1968ರಲ್ಲಿ, ಮನ್ರಿಕೆ ಮತ್ತು ಅವರ ಜೊತೆಗಾರ ಹೆಸುಸ್ ಸೋತೊ ಸೇರಿ ಅಲ್ಲಿ ಸುಮಾರು 14 ಕಿಲೋಮೀಟರಿನ ರಸ್ತೆ ಎಳೆದರು. ಇಕ್ಕಟ್ಟಾದ ರಸ್ತೆ. ನೆಲದ ಏರಿಳಿತ ಹೇಗಿದೆಯೋ ಹಾಗೆ ತಿರುಗುತ್ತದೆ. ದೂರದಿಂದ ಗೆರೆಯಾಗಿ ಎದ್ದು ಕಾಣುವುದಿಲ್ಲ. ಸಂದರ್ಶಕರು ತಮ್ಮ ಕಾರು ನಿಲ್ಲಿಸಿ ಉದ್ಯಾನದ ಬಸ್ಸು ಹತ್ತಬೇಕು. ಬಸ್ಸಿನಿಂದ ಇಳಿಯುವ ಹಾಗಿಲ್ಲ. ಕೆಲವರಿಗೆ ಬೇಜಾರಾಗಬಹುದು. ನನ್ನ ಪ್ರಕಾರ ಅದು ಸರಿಯಾದ ನಿಯಮ. ಅಷ್ಟು ಜನ ಇಳಿದು ಒಬ್ಬೊಬ್ಬರು ಹತ್ತು ಹೆಜ್ಜೆ ಹಾಕಿದ್ದರೂ ಆ ಬೂದಿ ಇಳಿಜಾರು ಇವತ್ತು ಸಂತೆಮಾಳದ ಹಾಗಿರುತ್ತಿತ್ತು.

ನೀವು ದಾರಿ ಎಳೆಯುವಾಗ ವಾಹನಗಳನ್ನು ಲಾವಾ ಬಯಲಿನ ಹೊರಗೇ ನಿಲ್ಲಿಸಿ. ಅಲ್ಲಿಂದ ಬಸ್ಸು ಅಥವಾ ನಡಿಗೆ. ಪಾರ್ಕಿಂಗ್ ಒಂದೇ ದೊಡ್ಡ ಮೈದಾನ ಆಗದಿರಲಿ. ನಾಲ್ಕೈದು ಸಣ್ಣ ತುಂಡುಗಳಾಗಿ, ನಡುವೆ ಸೊಂಟದೆತ್ತರದ ಕಲ್ಲುಗೋಡೆ ಬರಲಿ. ನಡೆಯುವ ದಾರಿ ಇಳಿಜಾರನ್ನು ನೇರ ಸೀಳಬಾರದು, ಒಂದೇ ಎತ್ತರ ಹಿಡಿದು ಬಳಸಿ ಹೋಗಬೇಕು. ಗಾಲಿಕುರ್ಚಿಯವರಿಗೆ ಬೇಕಾದ, ಹನ್ನೆರಡು ಅಡಿ ದೂರಕ್ಕೆ ಒಂದೇ ಅಡಿ ಏರುವ ಇಳಿಜಾರು ಆಗ ತಾನಾಗಿಯೇ ಸಿಗುತ್ತದೆ. ದಾರಿಯ ಅಂಚನ್ನು ಹೊಳೆಯುವ ಕಂಬಿಬೇಲಿಯಿಂದ ತೋರಿಸಬೇಕಾಗಿಲ್ಲ. ದಾರಿ ನುಣ್ಣಗಿದ್ದು ಪಕ್ಕ ಒರಟಾಗಿದ್ದರೆ, ನಡುವೆ ಒಂದು ಸಾಲು ಕಲ್ಲು ಇಟ್ಟಿದ್ದರೆ, ಜನ ಬಹುಪಾಲು ದಾಟುವುದಿಲ್ಲ. ಬಿದ್ದರೆ ಪ್ರಾಣ ಹೋಗುವ ಕಡೆ ಮಾತ್ರ ಗಟ್ಟಿಯಾದ ತಡೆ ಬೇಕೇ ಬೇಕು.

ಬಯಲಿನ ಮೇಲೆ ಹಾದುಹೋಗಲೇಬೇಕಾದರೆ ಕಾಲುಗಂಬಗಳ ಮೇಲೆ ನಡೆಹಲಗೆ ಹಾಕಿ. ಬೋಲ್ಟು ಬಿಚ್ಚಿ ತೆಗೆದರೆ ಕಂಬದ ಗುಳಿ ಬಿಟ್ಟು ಬೇರೆ ಗುರುತು ಉಳಿಯಬಾರದು.

ಹೆಜ್ಜೆ 4: ಬಾನಂಚನ್ನು ದಾಟಬೇಡಿ

ಗುಡ್ಡದ ಗೆರೆ ಆಕಾಶಕ್ಕೆ ತಾಗುವ ಕಡೆ ಒಂದು ನೀರಿನ ಟ್ಯಾಂಕು ಎದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಕಟ್ಟಡದ ನಾಲ್ಕು ಮೂಲೆಗೆ ಅದರ ಎತ್ತರಕ್ಕೇ ಬಿದಿರು ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿ. ಆಮೇಲೆ ಕೆಳಗಿನ ರಸ್ತೆಯಿಂದ, ಊರಿಂದ, ದೋಣಿ ಬರುವ ಕಡೆಯಿಂದ ನೋಡಿ. ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ. ಬಟ್ಟೆ ಆಕಾಶದಲ್ಲಿ ಕಂಡರೆ ಕಟ್ಟಡ ಇನ್ನೂ ಕೆಳಗಿಳಿಯಬೇಕು.

ಮಿರಾದೋರ್ ದೆಲ್ ರಿಯೋ ಸುಮಾರು 475 ಮೀಟರ್ ಎತ್ತರದ ಕಡಿದಾದ ಬಂಡೆಯ ಅಂಚಿನಲ್ಲಿದೆ. 1973ರಲ್ಲಿ ತೆರೆಯಿತು. ಮೊದಲು ಬಂಡೆಯನ್ನು ಅಗೆದು, ಒಳಗೆ ಎರಡು ಗುಮ್ಮಟದ ಕೋಣೆ ಕಟ್ಟಿ, ಮೇಲೆ ಮತ್ತೆ ಕಲ್ಲು ಮಣ್ಣು ಮುಚ್ಚಿದರು. ಕಾರಿನಿಂದ ಇಳಿದವರಿಗೆ ಕಾಣುವುದು ಒಂದು ಬಾಗಿದ ಕಲ್ಲುಗೋಡೆ ಮಾತ್ರ. ಒಳಗೆ ಬಳುಕುವ ಬಿಳಿ ಓಣಿ. ಅದು ಮುಗಿಯುತ್ತಿದ್ದ ಹಾಗೆ ಎದುರಿಗೆ ದೊಡ್ಡ ಗಾಜು, ಕೆಳಗೆ ನೀಲಿ ಕಡಲು, ಅದರಾಚೆ ಲಾ ಗ್ರಾಸಿಯೋಸಾ ದ್ವೀಪ. ನೋಟವನ್ನು ಅಲ್ಲಿಯ ತನಕ ಬಚ್ಚಿಟ್ಟಿದ್ದೇ ಆ ಕಟ್ಟಡದ ಕೆಲಸ. ನೀವೂ ಎಲ್ಲವನ್ನೂ ಬಾಗಿಲಲ್ಲೇ ತೋರಿಸಬೇಡಿ.

ನಿಯಮ ಮುರಿಯಬೇಕಾದ ಸಂದರ್ಭವೂ ಇದೆ. ತಿಮಾನ್‌ಫಾಯಾದ ಎಲ್ ದಿಯಾಬ್ಲೊ ಹೋಟೆಲು ಅಡಗಿ ಕೂತಿಲ್ಲ. ಎತ್ತರದಲ್ಲಿ, ಸುತ್ತ ಗಾಜಿನ ದುಂಡು ಕಟ್ಟಡವಾಗಿ ನಿಂತಿದೆ. 1970ರದ್ದು. ಆದರೆ ಅದು ತಗ್ಗಾಗಿದೆ, ದುಂಡಾಗಿದೆ, ಅಲ್ಲೇ ಇರಲು ಅದಕ್ಕೆ ಗಟ್ಟಿ ಕಾರಣ ಇದೆ. ಕೆಳಗಿನ ನೆಲ ಇನ್ನೂ ಕಾದಿದೆ. ಹತ್ತು ಹದಿಮೂರು ಮೀಟರ್ ಆಳದಲ್ಲಿ ಶಾಖ 600 ಡಿಗ್ರಿಯ ತನಕ ಹೋಗುತ್ತದೆ. ಬಾವಿಯ ಕಟ್ಟೆಯಂಥ ಕಲ್ಲಿನ ಬಾಯಿ, ಅದರ ಮೇಲೆ ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ಸಾಲಾಗಿ ಕೋಳಿ. ಸೌದೆಯಿಲ್ಲ, ಗ್ಯಾಸಿಲ್ಲ. ಕೆಳಗಿಂದ ಬರುವ ಬಿಸಿಗಾಳಿಗೇ ಬೇಯುತ್ತದೆ. ಇದನ್ನು ಬೇರೆಲ್ಲೂ ಕಟ್ಟಲು ಬರುವುದಿಲ್ಲ.

ಹೆಜ್ಜೆ 5: ಕಲ್ಲು, ಗಾರೆ, ಕಬ್ಬಿಣ, ಗಾಜು

ಪಾಯಕ್ಕೆ ಅಗೆದಾಗ ಬಂದ ಕಲ್ಲನ್ನು ಒಂದೂ ಹೊರಗೆ ಕಳಿಸಬೇಡಿ. ಗೋಡೆ ಅದರಿಂದಲೇ ಏಳಲಿ. ಮೇಲ್ಮೈಯ ಕಲ್ಲು ತೆಗೆಯುವಾಗ ಕಲ್ಲುಹೂವು ಹತ್ತಿದ ಮುಖಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿ. ಕಟ್ಟುವಾಗ ಆ ಮುಖ ಹೊರಗೆ ಬರಲಿ, ಮೊದಲು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ. ಮೇಸ್ತ್ರಿಗೆ ಇದನ್ನು ನೀವೇ ಎದುರು ನಿಂತು ಹೇಳಬೇಕು. ಇಲ್ಲದಿದ್ದರೆ ಅಭ್ಯಾಸದ ಹಾಗೆ ಚೆಂದ ಮುಖ ಅಂತ ಸುತ್ತಿಗೆಯಿಂದ ಕೆತ್ತಿ ಹೊಸದು ಮಾಡಿಬಿಡುತ್ತಾರೆ. ಸಂದಿಗೆ ಸಿಮೆಂಟು ಮೆತ್ತಿ ಗೆರೆ ಎಳೆಸಬೇಡಿ. ಗಾರೆ ಬೇಕಾದರೆ ಒಳಗಡೆ ಇರಲಿ, ಹೊರಗಿನ ಸಂದಿ ಎರಡು ಬೆರಳಷ್ಟು ಖಾಲಿ ಇರಲಿ. ನೆರಳು ಅಲ್ಲಿ ಕೂತರೆ ಗೋಡೆ ಬಂಡೆಯ ಹಾಗೇ ಕಾಣುತ್ತದೆ.

ಗಟ್ಟಿ ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕರಿಕಲ್ಲು, ಒಂದು ಘನ ಮೀಟರಿಗೆ ಮೂರು ಟನ್ನಿನ ಹತ್ತಿರ ತೂಗುತ್ತದೆ. ತೂತು ತೂತಾದ ಲಾವಾ ಕಲ್ಲು ಅದಕ್ಕಿಂತ ತುಂಬ ಹಗುರ. ಪಾಯಕ್ಕೆ, ಗೋಡೆಗೆ ಗಟ್ಟಿಯದು. ಚಾವಣಿಯ ಮೇಲಿನ ಹೊದಿಕೆಗೆ ಹಗುರದ್ದು, ಅದು ಬಿಸಿಲಿನ ಶಾಖವನ್ನೂ ತಡೆಯುತ್ತದೆ. ಸುಣ್ಣದ ಗಾರೆಗೆ ನುಣ್ಣನೆಯ ಜ್ವಾಲಾಮುಖಿ ಬೂದಿ ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗುತ್ತದೆ ಎನ್ನುವುದನ್ನು ರೋಮನ್ನರು ಎರಡು ಸಾವಿರ ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಎಲ್ಲ ಬೂದಿಗೂ ಆ ಗುಣ ಇರುವುದಿಲ್ಲ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ.

ಗಂಧಕದ ಹೊಗೆ ಬರುವ ಕಡೆ ಸತು ಲೇಪಿಸಿದ ಕಬ್ಬಿಣ ಬೇಗ ತಿಂದುಹೋಗುತ್ತದೆ. ಒಳ್ಳೆ ದರ್ಜೆಯ ಸ್ಟೇನ್‌ಲೆಸ್ ಉಕ್ಕು ಬೇಕು. ನೆಲವೇ ಬಿಸಿಯಿರುವ ಕಡೆ ಪ್ಲಾಸ್ಟಿಕ್ ಪೈಪು, ಟಾರು ಶೀಟು ಎಲ್ಲ ಮರೆತುಬಿಡಿ. ಎಲ್ ದಿಯಾಬ್ಲೊ ಕಟ್ಟಿದ್ದು ಕಲ್ಲು, ಲೋಹ, ಗಾಜಿನಲ್ಲಿ.

ಗಾಜು ದೊಡ್ಡ ತೊಂದರೆಯ ಸಾಮಾನು. ಬಿಸಿಲಿಗೆ ಮಿಂಚಿದರೆ ಹತ್ತು ಕಿಲೋಮೀಟರ್ ಆಚೆಗೂ ಕಾಣುತ್ತದೆ. ಅದನ್ನು ಸೂರಿನ ಅಂಚಿನಿಂದ ಕನಿಷ್ಠ ಒಂದು ಮೀಟರ್ ಒಳಗೆ, ನೆರಳಲ್ಲಿ ನಿಲ್ಲಿಸಿ. ಚೌಕಟ್ಟು ಬಂಡೆಗೆ ಸೇರುವ ಕಡೆ ಬಂಡೆಯನ್ನು ನೇರ ಮಾಡಲು ಹೋಗಬೇಡಿ. ದಪ್ಪ ಕಾಗದ ಒತ್ತಿ ಹಿಡಿದು ಬಂಡೆಯ ಅಂಚನ್ನು ಪೆನ್ಸಿಲ್‌ನಲ್ಲಿ ಎಳೆದುಕೊಳ್ಳಿ, ಗಾಜನ್ನು ಆ ಅಚ್ಚಿಗೆ ಕತ್ತರಿಸಿ. ಮನ್ರಿಕೆಯ ತಹೀಚೆಯ ಮನೆಯಲ್ಲಿ ಒಂದು ಕಿಟಕಿ ಇದೆ. ಹೊರಗಿನ ಕಪ್ಪು ಲಾವಾ ಆ ಕಿಟಕಿಯಿಂದ ಒಳಗಿನ ಬಿಳಿ ನೆಲಕ್ಕೆ ಹರಿದು ಬಂದ ಹಾಗೆ ಕಾಣುತ್ತದೆ. ಕಲ್ಲು ಎಲ್ಲಿ ಒಳಗೆ, ಎಲ್ಲಿ ಹೊರಗೆ ಅಂತ ಹೇಳುವುದೇ ಕಷ್ಟ.

ಬಣ್ಣದ ವಿಷಯ ಚಿಕ್ಕದು. ಹೊರಗೆ ಕಲ್ಲಿನ ಬಣ್ಣ ಬಿಟ್ಟು ಏನೂ ಬೇಡ. ಒಳಗೆ ಬಿಳಿ ಸುಣ್ಣ. ಕಪ್ಪು ಕಲ್ಲಿನ ಎದುರು ಬಿಳಿ ಇದ್ದರೆ ಸಣ್ಣ ಕಿಂಡಿಯ ಬೆಳಕೂ ಸಾಕಾಗುತ್ತದೆ.

ಹೆಜ್ಜೆ 6: ಶೌಚದ ನೀರು ಎಲ್ಲಿಗೆ ಹೋಗುತ್ತದೆ?

ಲಾವಾ ನೆಲ ಜರಡಿ ಇದ್ದ ಹಾಗೆ. ಮಣ್ಣಿನಲ್ಲಿ ಸೋಸಿ ಇಳಿಯುವ ನೀರು ಇಲ್ಲಿ ಬಿರುಕಿನಲ್ಲಿ ಸರ್ರನೆ ಇಳಿದು ನೇರ ಅಂತರ್ಜಲ ಸೇರುತ್ತದೆ. ಇಂಗುಗುಂಡಿ ಮಾಡಲೇಬೇಡಿ. ಒಸರದ ತೊಟ್ಟಿ, ಅದನ್ನು ಹೊರಗೆ ಸಾಗಿಸುವ ವ್ಯವಸ್ಥೆ ಅಥವಾ ಒಣ ಶೌಚಾಲಯ. ಸಾಧ್ಯವಾದರೆ ಶೌಚಾಲಯ ಮತ್ತು ಅಡುಗೆಮನೆ ಎರಡೂ ಪಾರ್ಕಿಂಗ್ ಹತ್ತಿರವೇ ಇರಲಿ, ಬಯಲಿನ ನಡುವೆ ಬೇಡ.

ಹಾಮೆಯೋಸ್‌ನ ಗುಹೆಯ ಕೊಳದಲ್ಲಿ ಉಗುರಿನಷ್ಟು ದೊಡ್ಡ ಬಿಳಿ ಏಡಿಗಳಿವೆ. ಕತ್ತಲಲ್ಲೇ ಬಾಳಿ ಕಣ್ಣಿನ ನೋಟ ಕಳೆದುಕೊಂಡವು. ಜನ ಹರಕೆಯ ಹಾಗೆ ನಾಣ್ಯ ಎಸೆದರೆ ಲೋಹ ಕರಗಿ ಅವಕ್ಕೆ ವಿಷವಾಗುತ್ತದೆ, ಅದಕ್ಕೇ ಅಲ್ಲಿ ನಾಣ್ಯ ಎಸೆಯುವಂತಿಲ್ಲ. ನೀರು ಇರುವ ಕಡೆ ದಾರಿಯನ್ನು ಕೈ ಎಟುಕದಷ್ಟು ದೂರ ಇಡಿ.

ಹೆಜ್ಜೆ 7: ಬೆಳಕು ಕಡಿಮೆ

ದೀಪ ಕಾಲಿನ ಮಟ್ಟದಲ್ಲಿರಲಿ, ಬಲ್ಬು ಕಣ್ಣಿಗೆ ಕಾಣದಿರಲಿ, ಬಣ್ಣ ಬೆಚ್ಚಗಿರಲಿ. ಗುಹೆಯೊಳಗೆ ದೀಪ ಸದಾ ಉರಿದರೆ ಅದರ ಸುತ್ತ ಹಸಿರು ಪಾಚಿ ಹತ್ತುತ್ತದೆ, ಅದು ಅಲ್ಲಿನದಲ್ಲ. ಜನ ಬಂದಾಗ ಹೊತ್ತಿ, ಹೋದಾಗ ಆರುವ ಹಾಗೆ ಮಾಡಿ.

ಹೆಜ್ಜೆ 8: ಬೆಟ್ಟ ಮತ್ತೆ ಎದ್ದರೆ?

ಹವಾಯಿಯ ಕಿಲವೇಯಾ ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ಜ್ಯಾಗರ್ ಮ್ಯೂಸಿಯಂ ಇತ್ತು. 2018ರಲ್ಲಿ ಬಾಯಿಯ ತಳ ಕುಸಿಯುತ್ತಾ ಹೋಯಿತು, ಸಾವಿರಾರು ಸಲ ಭೂಮಿ ನಡುಗಿತು, ಕಟ್ಟಡಕ್ಕೆ ಬಿರುಕು ಬಿಟ್ಟಿತು. ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ, ಕೊನೆಗೆ ಕಟ್ಟಡವನ್ನೇ ತೆಗೆಯಬೇಕಾಯಿತು. ಐಸ್‌ಲ್ಯಾಂಡಿನ ಬ್ಲೂ ಲಗೂನ್ ಎಂಬ ಬಿಸಿನೀರಿನ ಸ್ನಾನದ ತಾಣದಲ್ಲಿ 2024ರ ನವೆಂಬರಿನಲ್ಲಿ ಲಾವಾ ಬಂದು ಪಾರ್ಕಿಂಗ್ ಜಾಗವನ್ನೇ ನುಂಗಿತು. ಜನರನ್ನು ಮೊದಲೇ ಹೊರಗೆ ಕಳಿಸಿದ್ದರು.

ಇನ್ನೂ ಜೀವಂತ ಇರುವ ಬೆಟ್ಟದಲ್ಲಿ ಹೊರಹೋಗುವ ದಾರಿ ಎರಡಿರಬೇಕು, ಎರಡೂ ಬೇರೆ ಬೇರೆ ದಿಕ್ಕಿಗೆ. ಬಸ್ಸು ಹೊರಡುವ ದಿಕ್ಕಿಗೆ ಮುಖ ಮಾಡಿಯೇ ನಿಲ್ಲಲಿ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ನೆಲಮಾಳಿಗೆ ಕಟ್ಟಿದ್ದರೆ ಅನಿಲ ಅಳೆಯುವ ಯಂತ್ರವನ್ನು ನೆಲದಿಂದ ಒಂದಡಿ ಎತ್ತರದಲ್ಲೇ ಇಡಿ, ಗಾಳಿ ಹೊರಗೆ ಎಳೆಯುವ ಫ್ಯಾನೂ ಕೆಳಗೇ ಇರಲಿ. ಚಾವಣಿಯ ಮೇಲೆ ಬೀಳುವ ಬೂದಿ ನೆಂದರೆ ಭಾರ ತುಂಬ ಏರುತ್ತದೆ. ಎಂಜಿನಿಯರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಕಡೆ

ಕರ್ನಾಟಕದಲ್ಲಿ ಹೊಗೆಯಾಡುವ ಬೆಟ್ಟ ಇಲ್ಲ, ಲಾವಾ ನೆಲ ಮಾತ್ರ ಬೇಕಾದಷ್ಟಿದೆ. ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಎರೆಮಣ್ಣು ಹುಟ್ಟಿದ್ದೂ ಅದರಿಂದಲೇ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಅದನ್ನು ದಾಟಿ ಕಲ್ಲಿಗೇ ಮುಟ್ಟಬೇಕು.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಲಾವಾದ್ದೇ. ಭಾರತ ಮಡಗಾಸ್ಕರ್‌ನಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ದೋಣಿಯಿಂದ ಇಳಿದು ನೋಡಿ. ಐದು, ಆರು ಮೂಲೆಯ ಕಲ್ಲುಗಳು ಒತ್ತೊತ್ತಾಗಿ ನಿಂತಿವೆ, ತಲೆಗಳು ಮೆಟ್ಟಿಲಿನ ಹಾಗೆ ಏರುತ್ತವೆ. ಮಕ್ಕಳು ಓಡಿ ಹತ್ತುತ್ತಾರೆ, ದೊಡ್ಡವರು ಫೋಟೋಗೆ ನಿಲ್ಲುತ್ತಾರೆ. ಅಲ್ಲಿ ಕಟ್ಟಲು ನನ್ನನ್ನು ಕೇಳಿದರೆ ನೆರಳು, ಶೌಚಾಲಯ, ತಿಂಡಿಯಂಗಡಿ ಎಲ್ಲ ಮಲ್ಪೆಯ ದಡದಲ್ಲೇ ಇರಲಿ ಅನ್ನುತ್ತೇನೆ. ದ್ವೀಪದಲ್ಲಿ ಮರಳಿನ ಮೇಲೆ, ತೆಂಗಿನ ಮರಗಳ ನಡುವೆ ಒಂದು ನಡೆಹಲಗೆ, ಮಳೆಗಾಲದಲ್ಲಿ ದೋಣಿ ನಿಂತಾಗ ಬಿಚ್ಚಿ ಒಯ್ಯುವಂಥದ್ದು. ಕಂಬಗಲ್ಲಿನ ಮೇಲೆ ಏನೂ ಬೇಡ, ಒಂದು ಬೋರ್ಡು ಕೂಡ.

ಹೆಜ್ಜೆ 9: ತೆರೆದ ಮೇಲಿನ ಮೊದಲ ವರ್ಷ

ಬೋರ್ಡು ಅಂದಾಗ ನೆನಪಾಯಿತು. ಮನ್ರಿಕೆ ರಸ್ತೆ ಬದಿಯ ಜಾಹೀರಾತು ಫಲಕಗಳ ವಿರುದ್ಧ ಪಟ್ಟು ಹಿಡಿದು ಹೋರಾಡಿದರು, ತೆಗೆಸಿದರು ಕೂಡ. ನಿಮ್ಮ ಕೇಂದ್ರ ಶುರುವಾಗಿ ಆರು ತಿಂಗಳಿಗೆ ಯಾರೋ ಫ್ಲೆಕ್ಸ್ ಕಟ್ಟುತ್ತಾರೆ, ಇನ್ಯಾರೋ ಬಣ್ಣದ ಕೊಡೆ ನಿಲ್ಲಿಸುತ್ತಾರೆ. ಇವು ಬೇಡ ಅಂತ ನಿರ್ವಹಣೆಯ ಒಪ್ಪಂದದಲ್ಲೇ ಬರೆಸಿ.

ಕೆಲಸ ಶುರುವಾಗುವ ಮುಂಚೆಯೇ ಎಂಟು ಹತ್ತು ಕಡೆ ಕಲ್ಲಿಗೆ ಸಣ್ಣ ಗುರುತು ಮಾಡಿಕೊಂಡು, ಅಲ್ಲಿ ನಿಂತು ಫೋಟೋ ತೆಗೆದಿಡಿ. ತೆರೆದ ಮೇಲೆ ಪ್ರತಿ ತಿಂಗಳು ಅದೇ ಜಾಗದಿಂದ, ಅದೇ ಹೊತ್ತಿಗೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೂದಿಯ ಇಳಿಜಾರಿನಲ್ಲಿ ನೀವು ಎಳೆಯದ ಒಂದು ತೆಳು ಗೆರೆ ಕಂಡರೆ ಜನ ಅಲ್ಲಿ ಇಳಿಯಲು ಶುರು ಮಾಡಿದ್ದಾರೆ ಅಂತ ಅರ್ಥ. ಅವರು ಅಲ್ಲಿಗೆ ಯಾಕೆ ಹೋಗುತ್ತಿದ್ದಾರೆ ಅಂತ ಒಂದು ದಿನ ಕೂತು ನೋಡಿ. ಹೆಚ್ಚಾಗಿ ಯಾವುದೋ ನೋಟ ದಾರಿಯಿಂದ ಸಿಗುತ್ತಿರುವುದಿಲ್ಲ. ದಾರಿಯನ್ನು ಆ ಕಡೆಗೆ ನಾಲ್ಕು ಮೀಟರ್ ಬಳಸಿ ತನ್ನಿ. ಆಮೇಲೆ ಅಗಲ ಕುಂಟೆ ಹಿಡಿದು, ಮೇಲಿನಿಂದ ಕೆಳಕ್ಕೆ ಹಿಂದೆ ಹಿಂದೆ ನಡೆಯುತ್ತಾ, ಆ ಹೆಜ್ಜೆಗಳನ್ನೂ ನಿಮ್ಮ ಹೆಜ್ಜೆಗಳನ್ನೂ ಒಟ್ಟಿಗೇ ಅಳಿಸಿಕೊಂಡು ಬನ್ನಿ.